ಬಿಲ್ಲೆಯ ಸುತ್ತಲಿನ ಬಯಲು

ಒಂದು ಚಮಚ ಎಣ್ಣೆಗೆ ಒಂದು ಗೋಣಿಚೀಲ ಲಂಟಾನ ಸೊಪ್ಪು ಬೇಕು. ಅದನ್ನು ಕುಯ್ಯುವಾಗ ಮುಂಗೈ ತರಚಿಕೊಳ್ಳಬೇಕು. ಸೊಪ್ಪು ನೆರಳಿನಲ್ಲಿ ಬಾಡುವವರೆಗೆ ನಡುಮನೆ ಬಿಟ್ಟುಕೊಡಬೇಕು, ಅಪ್ಪ ಕೇಶವಯ್ಯ ಮಗ್ಗದ ಪಕ್ಕದಲ್ಲೇ ಕೂತು ಉಣ್ಣಬೇಕು. ಸೀಟಿ ಕಿತ್ತ ಕುಕ್ಕರಿನ ಕೆಳಗೆ ಇಡೀ ಮಧ್ಯಾಹ್ನ ಗ್ಯಾಸು ಉರಿಯಬೇಕು. ಕುಕ್ಕರಿನ ತಲೆಯಿಂದ ಹೊರಟ ತಾಮ್ರದ ಕೊಳವೆ ತಣ್ಣಗಿರಲೆಂದು ಬಿಂದಿಗೆಗಟ್ಟಲೆ ನೀರು ಸುರಿಯಬೇಕು. ಹಿಂದೂಪುರದಲ್ಲಿ ನಲ್ಲಿಗೆ ನೀರು ಬಿಡುವ ದಿನ ನೋಡಿಕೊಂಡೇ ಈ ಕೆಲಸ ಹಿಡಿಯಬೇಕು. ಅಮ್ಮ ಬನಶಂಕರಮ್ಮನ ಗೊಣಗಾಟವನ್ನು ಕಿವಿಗೆ ಹಾಕಿಕೊಳ್ಳದಂತೆ ಕೇಳಿಸಿಕೊಳ್ಳಬೇಕು. ಇಷ್ಟೆಲ್ಲ ಆದಮೇಲೆ ಸೀಸೆಯ ತಳದಲ್ಲಿ ತಿಳಿಹಳದಿಯಾಗಿ ಒಂದಿಷ್ಟು ನಿಲ್ಲುತ್ತದೆ. ಅದರ ವಾಸನೆ ಕೂದಲಿಗೆ ಹತ್ತಿದರೆ ಸೀಗೆಪುಡಿ ಹಾಕಿ ತಿಕ್ಕಿದರೂ ಬಿಡುವುದಿಲ್ಲ. ಖರ್ಚೆಂದರೆ ಇಷ್ಟೇ ಎಂದು ಬನಶ್ರೀ ಮೊನ್ನೆ ಮೊನ್ನೆಯವರೆಗೂ ಅಂದುಕೊಂಡಿದ್ದಳು.

ಕಲ್ಯಾಣದುರ್ಗದ ಬಸ್ಸು ಹಿಂದೂಪುರದ ಸ್ಟ್ಯಾಂಡಿನಿಂದ ಹೊರಗೆ ತಿರುಗುತ್ತಿದ್ದಾಗ ಅವಳು ಕೈಚೀಲದೊಳಗೆ ಬೆರಳು ಇಳಿಸಿ ಸೀಸೆ ನೆಟ್ಟಗಿದೆಯೇ ಎಂದು ಮುಟ್ಟಿ ನೋಡಿದಳು. ಕರ್ಚೀಫಿನಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಇಟ್ಟಿದ್ದರೂ ಮುಂದಿನ ಸೀಟಿನವನು ಮೂಗು ಅರಳಿಸಿ ಹಿಂದೆ ತಿರುಗಿದ. ಕಲ್ಯಾಣದುರ್ಗದ ಒಂದು ಕಾಲೇಜಿನಲ್ಲಿ ಈ ದಿನ ವಿಚಾರ ಸಂಕಿರಣ. ಲಂಟಾನದ ಎಣ್ಣೆಯಲ್ಲಿ ಏನೇನಿದೆ, ರೇಷ್ಮೆಹುಳುವಿಗೆ ಸಪ್ಪೆ ರೋಗ ತರುವ ಬ್ಯಾಕ್ಟೀರಿಯಾವನ್ನು ಅದು ಹೇಗೆ ಕೊಲ್ಲುತ್ತದೆ ಎಂದು ಅವಳು ಅಲ್ಲಿ ಪ್ರಬಂಧ ಓದಬೇಕು. ಕುರಿಯೂ ಬಾಯಿಡದ, ಸೌದೆಗೂ ಸಲ್ಲದ ಗಿಡ ಇಂಗ್ಲಿಷ್ ಪುಸ್ತಕಗಳಲ್ಲಿ ವೈಲ್ಡ್ ಸೇಜ್ ಎಂಬ ಮರ್ಯಾದೆಯ ಹೆಸರು ಹೊತ್ತು ಕೂತಿತ್ತು. ಹಾಗೇ ತಾನೂ ಒಂದು ದಿನ ಡಾಕ್ಟರ್ ಬನಶ್ರೀ ಆಗಿಬಿಟ್ಟರೆ ಖಾಸಗಿ ಕಾಲೇಜಿನ ತಾತ್ಕಾಲಿಕ ಕೆಲಸ ಕಾಯಂ ಆಗುತ್ತದೆ, ಸ್ಟಾಫ್ ರೂಮಿನಲ್ಲಿ ಬಾಗಿಲ ಹತ್ತಿರದ ಕುರ್ಚಿ ಬಿಟ್ಟು ಒಳಗಿನ ಕುರ್ಚಿಗೆ ಹೋಗಬಹುದು. ವಿಭಾಗದ ಮುಖ್ಯಸ್ಥ ಜಯಚಂದ್ರ ನಿನ್ನೆ ಸಂಜೆ ಕರೆದು ಹೇಳಿದ್ದರು: "ಪ್ಲೇಟಿನ ರಿಸಲ್ಟ್ ಹೇಳಿ, ಕೂತ್ಕೊಳ್ಳಿ. ಆ ಪರಿಗಿ ವಿಷಯ ಎತ್ತಬೇಡಿ. ಅದು ಪ್ರಯೋಗ ಅಲ್ಲ, ಪರಿಚಯದವರ ಮನೆ ಸಮಾಚಾರ." ಪ್ರಬಂಧದ ಮೇಲೆ ಅವರ ಹೆಸರು ಮೊದಲಿತ್ತು, ಅವಳದು ಆಮೇಲೆ.

ಹೊಲಗಳ ಆಚೆ ಬೆಟ್ಟಗಳು ಬೆಳಗಿನ ಬಿಸಿಲಿಗೆ ಬೋಳಾಗಿ ಕೂತಿದ್ದವು. ಎಣ್ಣೆಯ ವರದಿ ಬೆಂಗಳೂರಿನ ಲ್ಯಾಬಿನಿಂದ ಬಂದ ದಿನ ಎಣ್ಣೆಯ ಒಂದೊಂದು ರಾಸಾಯನಿಕಕ್ಕೂ ಒಂದೊಂದು ಶಿಖರವಿದ್ದ ಆ ಗ್ರಾಫನ್ನು ಕಂಡಾಗಲೂ ಅವಳಿಗೆ ಇವೇ ಬೆಟ್ಟಗಳು ನೆನಪಾಗಿದ್ದವು. ಎತ್ತರದ್ದು ಕ್ಯಾರಿಯೋಫಿಲೀನ್, ಅದರ ಈಚೆ ಸಬಿನೀನ್, ಸಿನಿಯೋಲ್, ಆಚೆ ಹ್ಯೂಮುಲೀನ್, ಅಲ್ಲಲ್ಲಿ ಹೆಸರು ಗೊತ್ತಾಗದ ದಿಬ್ಬಗಳು. ತನ್ನ ಮನೆಯ ಕುಕ್ಕರಿನಿಂದ ಇಷ್ಟೊಂದು ಹೆಸರುಗಳು ಹೊರಟವಲ್ಲ ಎಂದು ಅವಳು ಆ ಕಾಗದವನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದ್ದಳು. ಆಮೇಲೆ ಗಾಜಿನ ತಟ್ಟೆಯ ಪ್ರಯೋಗ. ತಟ್ಟೆಯಲ್ಲಿ ಬ್ಯಾಕ್ಟೀರಿಯಾಕ್ಕೆ ಆಹಾರವಾಗಿ ಹೆಪ್ಪುಗಟ್ಟಿಸಿದ ಅಗರ್ ಮೇಲೆ, ಸತ್ತ ಹುಳುವಿನ ಹೊಟ್ಟೆಯಿಂದ ತೆಗೆದ ಬ್ಯಾಕ್ಟೀರಿಯಾ ಸವರಿ, ಎಣ್ಣೆಯಲ್ಲಿ ಅದ್ದಿದ ಕಾಗದದ ಪುಟ್ಟ ಬಿಲ್ಲೆಯನ್ನು ನಡುವೆ ಇಟ್ಟಿದ್ದಳು. ಮಾರನೆಯ ಬೆಳಿಗ್ಗೆ ತಟ್ಟೆಯೆಲ್ಲ ಮಂಜು ಕವಿದಂತೆ ಮಬ್ಬಾಗಿತ್ತು. ಬಿಲ್ಲೆಯ ಸುತ್ತ ಮಾತ್ರ ತಿಳಿಯಾದ ದುಂಡನೆಯ ಬಯಲು. ಅಲ್ಲಿ ಏನೂ ಬದುಕಿರಲಿಲ್ಲ. ತೋರಿಸಲು ಬೇರೆ ಯಾರೂ ಇರದೆ ಅಟೆಂಡರ್ ತಿಪ್ಪೇಶನನ್ನೇ ಕೂಗಿ ಕರೆದಳು. ಅವನು ತಟ್ಟೆಯನ್ನು ಬೆಳಕಿಗೆ ಹಿಡಿದು, "ಚಂದಮಾಮ ಇದ್ದಂಗೈತೆ ಮೇಡಂ, ಇದ್ರಾಗೆ ಏನೈತೆ?" ಎಂದ. ಏನೂ ಇಲ್ಲ ಕಣೋ, ಅದೇ ಸಂತೋಷ, ಎಂದು ಅವಳು ನಕ್ಕಿದ್ದಳು. ಸ್ಕೇಲು ಇಟ್ಟು ಬಯಲಿನ ಅಗಲವನ್ನು ಎರಡೆರಡು ಸಲ ಅಳೆದಿದ್ದಳು.

ಆ ಸತ್ತ ಹುಳುಗಳನ್ನು ತಂದುಕೊಟ್ಟವಳು ಶ್ರೀಲತಾ. ಡಿಗ್ರಿ ಎರಡನೇ ವರ್ಷದಲ್ಲಿ ಮದುವೆಯಾಗಿ ಓದು ಬಿಟ್ಟ ವಿದ್ಯಾರ್ಥಿನಿ. ತವರು ಕುಂದುರ್ಪಿಯ ಕಡೆ, ಸೇರಿದ ಮನೆ ಪರಿಗಿಯ ಪಕ್ಕದ ಹಳ್ಳಿಯಲ್ಲಿ. ಆ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. ಒಂದು ಬೆಳೆ ಸಪ್ಪೆ ರೋಗಕ್ಕೆ ಹೋದಾಗ ಸತ್ತ ಹುಳುಗಳನ್ನು ಡಬ್ಬಿಯಲ್ಲಿ ಹಾಕಿಕೊಂಡು ಕಾಲೇಜಿಗೆ ಬಂದು, ಮೇಡಂ, ಇದಕ್ಕೆ ಏನಾದ್ರೂ ಐತಾ ಎಂದು ಕೇಳಿದ್ದಳು. ಅವಳ ಕೈಗೇ ಬನಶ್ರೀ ಮುಂದಿನ ಬೆಳೆಗೆ ಎಣ್ಣೆಯ ಸೀಸೆ ಕೊಟ್ಟಳು. ನೀರಿಗೆ ಇಷ್ಟು ಹನಿ, ಚೂರು ಸೋಪು, ಅಲುಗಾಡಿಸಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಸಿಂಪಡಿಸಿ ಹುಳುವಿಗೆ ಹಾಕು ಎಂದಳು. ಶ್ರೀಲತಾ ಮುಚ್ಚಳ ತೆಗೆದು ಮೂಸಿ, "ವಾಸ್ನೆ ಜಾಸ್ತಿ ಐತಲ್ಲ ಮೇಡಂ. ನಮ್ಮತ್ತೆ ಹುಳದ ಮನೆ ಹತ್ರ ಊದುಬತ್ತಿನೂ ಹಚ್ಚಲ್ಲ. ನಾನು ಹೂವೇ ಮುಡಿಯಂಗಿಲ್ಲ," ಎಂದಳು. ಔಷಧಿ ಅಂದ ಮೇಲೆ ವಾಸನೆ ಇರುತ್ತಮ್ಮ, ಎಂದು ಬನಶ್ರೀ ಗಡಿಯಾರ ನೋಡಿಕೊಂಡಿದ್ದಳು. ಬನಶ್ರೀಯ ಮನೆಯಲ್ಲೂ ಮೂರು ತಲೆಮಾರಿನಿಂದ ರೇಷ್ಮೆಯೇ ಅನ್ನ. ಆದರೆ ಆ ಮನೆಗೆ ರೇಷ್ಮೆ ಬರುವುದು ಹುಳು ಸತ್ತ ಮೇಲೆ, ನೂಲಾಗಿ, ಲಡಿಯಾಗಿ. ಬದುಕಿದ ಹುಳುವನ್ನು ಅವಳು ಅಂಗೈಯಲ್ಲಿ ಇಟ್ಟುಕೊಂಡು ನೋಡಿದವಳಲ್ಲ.

ಪರಿಗಿಯಲ್ಲಿ ಬಸ್ಸು ನಿಂತಿತು. ಕೆಳಗೆ ತಿರುಮಲೇಶ್ ನಿಂತಿದ್ದ, ಶ್ರೀಲತಾಳ ಗಂಡ. ಅವನು ಒಂದು ದೊಡ್ಡ ಬ್ಯಾಗನ್ನು ಬಾಗಿಲಿನೊಳಕ್ಕೆ ನೂಕಿ, ಹತ್ತುವವರಿಗೆ ದಾರಿ ಬಿಟ್ಟು, ಕೈ ಒರೆಸಿಕೊಳ್ಳುತ್ತ ಬೇರೆಲ್ಲೋ ನೋಡಿದ. ಮೊದಲು ಅವನ ತಾಯಿ ಆದಿಲಕ್ಷ್ಮಮ್ಮ ಹತ್ತಿದಳು, ಹಿಂದೆ ಶ್ರೀಲತಾ. ಬನಶ್ರೀ ತಲೆ ತಗ್ಗಿಸಿ ಮೊಬೈಲು ತೆಗೆದಳು. ಬಸ್ಸಿನಲ್ಲಿ ಇಷ್ಟೊಂದು ಸೀಟುಗಳಿದ್ದವು.

"ಓ ಮೇಡಮ್ಮ! ನೀವಾ? ದೇವರಂಗೆ ಸಿಕ್ಕಿದ್ರಿ ಕಣಮ್ಮ. ಒಸಿ ಸರೀರಿ." ಆದಿಲಕ್ಷ್ಮಮ್ಮ ಪಕ್ಕದಲ್ಲಿ ಕೂತೇಬಿಟ್ಟಳು. ಶ್ರೀಲತಾ ಎದುರು ಸಾಲಿನ ಕಿಟಕಿಗೆ ಹೋಗಿ ಕೂತಳು. ಒಂದು ಸಲ ನಕ್ಕಳು, ಅಷ್ಟೆ. ಹುಳುವಿನ ಮನೆ ಈಗ ಖಾಲಿಯಾಗಿದ್ದರೂ ಅವಳ ಜಡೆಯಲ್ಲಿ ಹೂವಿರಲಿಲ್ಲ.

"ಎಲ್ಲಿಗಮ್ಮ ಹೊರಟ್ರಿ?" ಬನಶ್ರೀ ಕೇಳಿದಳು. ಬ್ಯಾಗು ಕಂಡಾಗಲೇ ಗೊತ್ತಾಗಿತ್ತು.

"ಇವಳನ್ನ ಕುಂದುರ್ಪಿಗೆ ಬುಟ್ಟು ಬತ್ತೀನಿ. ಅವರಮ್ಮನ ಮನೇಲಿ ಇರ್ಲಿ ಒಂದಷ್ಟು ದಿನ." ಆದಿಲಕ್ಷ್ಮಮ್ಮ ದನಿ ತಗ್ಗಿಸಲಿಲ್ಲ, ಅವಳಿಗೆ ದನಿ ತಗ್ಗಿಸಿ ಮಾತಾಡುವುದು ಗೊತ್ತಿರಲಿಲ್ಲ. "ನಿಮ್ ತಾವ ಬಂದು ತಪ್ಪಾಯ್ತು ಅಂತ ಕೇಳಾಣ ಅಂತಿದ್ದೆ ಕಣಮ್ಮ. ನಿಮ್ ಔಷಧಿ ಒಳ್ಳೇದೆ. ಊರ್ ತುಂಬ ಹಂಗೇ ಹೇಳ್ಕೊಂಡ್ ಬಂದಿವ್ನಿ. ತಪ್ಪು ನಮ್ ಮನೇದು. ಮುಟ್ಟಾದೋಳು ಬಾಯ್ ಮುಚ್ಕೊಂಡು ಹುಳದ ಮನೆಗೆ ಹೋಗವ್ಳೆ, ಅದೇ ಕೈಯಾಗೆ ಔಷಧಿ ಹೊಡೆದವ್ಳೆ. ಔಷಧಿ ತಾನೆ ಏನ್ ಮಾಡುತ್ತೆ? ನೀವು ಅಷ್ಟು ಓದಿರೋರು, ಕಷ್ಟಪಟ್ಟು ಮಾಡಿದ್ದು. ನಮ್ಮಿಂದ ಹಾಳಾಯ್ತು."

ಈಗ ಹೇಳಬೇಕು, ಎಂದು ಬನಶ್ರೀ ಅಂದುಕೊಂಡಳು. ಒಂದೇ ವಾಕ್ಯ. ಹುಳು ಸತ್ತದ್ದು ಮುಟ್ಟಿನಿಂದಲ್ಲ, ನನ್ನ ಎಣ್ಣೆಯಿಂದ. ಅದರಲ್ಲಿ ಕಷ್ಟದ ಪದ ಒಂದೂ ಇರಲಿಲ್ಲ. ಎದುರು ಸಾಲಿನಲ್ಲಿ ಶ್ರೀಲತಾಳ ಬೆನ್ನು ನೆಟ್ಟಗಾಯಿತು. ಕಿಟಕಿಯ ಕಡೆ ಮುಖವಿದ್ದರೂ ಕಿವಿ ಈ ಕಡೆಗಿತ್ತು. ಕಂಡಕ್ಟರ್ ಬಂದು "ಎಕ್ಕಡಿಕಮ್ಮಾ?" ಎಂದು ತೆಲುಗಿನಲ್ಲಿ ಊರು ಕೇಳಿದ. ಆದಿಲಕ್ಷ್ಮಮ್ಮ ದುಡ್ಡಿಗೆ ಸೆರಗಿನ ಗಂಟು ಬಿಚ್ಚತೊಡಗಿದಳು. ಅವನು ಮುಂದೆ ಹೋಗುವ ಹೊತ್ತಿಗೆ ಆ ವಾಕ್ಯ ಬನಶ್ರೀಯ ಬಾಯಿಯಲ್ಲಿ ಬೇರೆಯಾಗಿತ್ತು. "ಹಾಗೆಲ್ಲ ಅನ್ನಬಾರದಮ್ಮ. ಹುಳು ಅಂದ ಮೇಲೆ ಒಂದೊಂದು ಸಲ ಹೋಗುತ್ತವೆ," ಎಂದಳು. ದೊಡ್ಡವರು ಚಿಕ್ಕವರನ್ನು ಸಮಾಧಾನಪಡಿಸುವ ದನಿಯೇ ಬಂತು. ಶ್ರೀಲತಾಳ ಬೆನ್ನು ಮತ್ತೆ ಸೀಟಿಗೆ ಒರಗಿತು.

"ಒಂದ್ ಸಲ ಹೋದ್ರೆ ರೋಗ ಅಂತೀವಿ," ಆದಿಲಕ್ಷ್ಮಮ್ಮ ಅಂದಳು. "ಎರಡನೇ ಸಲಾನೂ ಹೋದ್ರೆ? ಊರೋರು ಕೈಗುಣ ಅಂತಾರೆ. ಅಂದವ್ರೆ. ನನ್ ತಂಗಿ ಬಂದು ನನ್ ಮಗನ ಎದುರ್ಗೇ ಅಂದ್ಬುಟ್ಲು, ಬೇರೆ ಹೆಣ್ಣು ನೋಡ್ರೋ ಅಂತ. ನಾನೇ ಬೈದು ಕಳಿಸ್ದೆ. ನಾನೇನ್ ಕೆಟ್ಟೋಳಲ್ಲ ಕಣಮ್ಮ, ಇವಳನ್ನೇ ಕೇಳಿ."

"ಕೆಟ್ಟೋರಲ್ಲ," ಶ್ರೀಲತಾ ಕಿಟಕಿಗೆ ಹೇಳಿದಳು.

"ನೋಡಿ! ಬಾಯ್ ಮಾತ್ರ ಐತೆ. ಮುಟ್ಟಾದಾಗ ಆ ಬಾಯ್ ಎಲ್ಲಿಟ್ಟಿದ್ದೆ?"

"ಸೊಪ್ಪು ಹಾಕೋರು ಯಾರಿದ್ರು ಅತ್ತೆ? ನಿಮ್ಗೆ ಸೊಂಟ ಹಿಡಿದಿತ್ತು. ಅವರು ಸೊಪ್ಪು ಕಡಿಯಕ್ಕೆ ಹೋಗಿದ್ರು. ಹುಳ ಹಸ್ಕೊಂಡಿದ್ವು."

ಆದಿಲಕ್ಷ್ಮಮ್ಮ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು.

ಪಾವಗಡದ ಹತ್ತಿರವಾದಂತೆ ಸೋಲಾರ್ ಹಲಗೆಗಳು ಎಲ್ಲೆಲ್ಲೂ ಓರೆಯಾಗಿ ನಿಂತು ದೂರಕ್ಕೆ ಕೆರೆಯಂತೆ ಹೊಳೆದವು, ಹತ್ತಿರ ಬಂದಾಗ ಕೆರೆಯಾಗಿರಲಿಲ್ಲ. ಬನಶ್ರೀಗೆ ಫೋನು ಬಂದ ಮಧ್ಯಾಹ್ನ ನೆನಪಾಯಿತು, ಅಥವಾ ಅದು ನೆನಪಾಗದೆ ಇದ್ದ ಹೊತ್ತೇ ಇರಲಿಲ್ಲ. ಹುಳು ನಾಲ್ಕನೇ ಜ್ವರ ಎದ್ದಿದ್ದವು. ಕೊನೆಯ ಸಲ ಪೊರೆ ಬಿಟ್ಟು, ಗೂಡು ಕಟ್ಟುವ ಮುಂಚೆ ಹಗಲಿರುಳು ತಿನ್ನುವ ದಿನಗಳು. ಹುಳುವಿನ ಮನೆಯ ಬಿದಿರಿನ ತಟ್ಟೆಗಳಲ್ಲಿ ಆಗ ಮಳೆ ಬಂದಂತೆ ಸದ್ದಿರುತ್ತದೆ ಎಂದು ಶ್ರೀಲತಾ ಒಮ್ಮೆ ಹೇಳಿದ್ದಳು. ಆ ಮಧ್ಯಾಹ್ನ ಫೋನಿನಲ್ಲಿ, "ಮೇಡಂ, ಔಷಧಿ ಹಾಕಿದ್ ತಟ್ಟೇಲಿ ಸದ್ದು ನಿಂತೋಗೈತೆ. ತಲೆ ಮೇಲಕ್ಕೆತ್ತಿ ಆಡಿಸ್ತಾವೆ, ಸೊಪ್ಪು ಮುಟ್ತಿಲ್ಲ," ಎಂದಳು. ಬನಶ್ರೀ ಜಯಚಂದ್ರರ ಮೇಜಿನ ಎದುರು ನಿಂತಿದ್ದಳು. ಅವರು ತಮ್ಮ ಮಾತಿನ ನಡುವೆ ಫೋನು ತೆಗೆದವಳನ್ನು ಕನ್ನಡಕದ ಮೇಲಿನಿಂದ ನೋಡುತ್ತಿದ್ದರು. ಆ ನೋಟಕ್ಕೆ ಉತ್ತರವೆಂಬಂತೆ ಅವಳು ಫೋನಿಗೆ ಜೋರಾಗಿ, "ಹೊಸದಲ್ವಾ, ಅಭ್ಯಾಸ ಆಗುತ್ತೆ. ಬಿಡಬೇಡ, ಎಲ್ಲ ತಟ್ಟೆಗೂ ಹಾಕು," ಎಂದಳು. ತನಗೆ ಗೊತ್ತಿಲ್ಲ ಎಂದು ಮುಖ್ಯಸ್ಥರ ಎದುರು ಹೇಳುವುದಕ್ಕಿಂತ ಅದು ಸುಲಭವಾಗಿತ್ತು. ಅದುವರೆಗೆ ಶ್ರೀಲತಾ ಮೂಲೆಯ ಒಂದೆರಡು ತಟ್ಟೆಗಳಿಗೆ ಮಾತ್ರ ಹಾಕಿದ್ದಳು. ಎಲ್ಲ ತಟ್ಟೆಗೂ ಹಾಕಿದ್ದು ಮೇಡಂ ಹೇಳಿದ ಮೇಲೆ.

ಅಷ್ಟೂ ಹಾಕಿ ಆದಮೇಲೆ ಸಂಜೆ ಒಂದು ಫೋಟೋ ಬಂದಿತ್ತು. ಅದು ಇನ್ನೂ ಅವಳ ಮೊಬೈಲಿನಲ್ಲಿತ್ತು. ಬಿದಿರಿನ ತಟ್ಟೆಯ ನಡುವೆ ಎಣ್ಣೆ ಹೊಡೆದ ಸೊಪ್ಪಿನ ಗುಪ್ಪೆ. ಬಿಳೀ ಹುಳುಗಳು ಅದರಿಂದ ಹಿಂದೆ ಹಿಂದೆ ಸರಿದು ತಟ್ಟೆಯ ಅಂಚಿಗೆ ಒತ್ತಿಕೊಂಡಿದ್ದವು. ಕೆಲವು ಅಂಚಿನಿಂದ ಹೊರಕ್ಕೆ ತಲೆ ಚಾಚಿ ಹಸಿರು ನೀರು ಕಾರಿದ್ದವು. ಸೊಪ್ಪಿನ ಸುತ್ತ ಶುಭ್ರವಾದ, ದುಂಡನೆಯ, ಖಾಲಿ ಜಾಗ. ಅವಳು ಆ ಬಯಲನ್ನು ಗುರುತಿಸಿದಳು. ಗಾಜಿನ ತಟ್ಟೆಯಲ್ಲಿ ಅದರ ಅಗಲವನ್ನು ತಾನೇ ಸ್ಕೇಲು ಹಿಡಿದು ಅಳೆದದ್ದು, ಅದನ್ನೇ ತಿಪ್ಪೇಶನಿಗೆ ತೋರಿಸಿದ್ದು. ಎರಡು ದಿನಕ್ಕೆ ಹುಳುವಿನ ಮನೆಯಲ್ಲಿ ಗುಡಿಸುವುದು ಬಿಟ್ಟರೆ ಕೆಲಸವಿರಲಿಲ್ಲ. ಸತ್ತ ಹುಳುಗಳನ್ನು ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದರಂತೆ.

ಕಲ್ಯಾಣದುರ್ಗದಲ್ಲಿ ಇಳಿದು ಅವರು ಕುಂದುರ್ಪಿ ಬಸ್ಸಿನ ಕಡೆ ತಿರುಗುವಾಗ ಶ್ರೀಲತಾ ಬ್ಯಾಗನ್ನು ನೆಲಕ್ಕಿಟ್ಟು ನಿಂತಳು. ಆದಿಲಕ್ಷ್ಮಮ್ಮ ಮುಂದೆ ಹೋಗಿ ಬಸ್ಸಿನ ಬೋರ್ಡಿನಲ್ಲಿ ಯಾವ ಊರಿದೆ ಎಂದು ಯಾರನ್ನೋ ಕೇಳುತ್ತಿದ್ದಳು. ಈಗಲಾದರೂ ಇವಳು ಕೇಳುತ್ತಾಳೆ, ಬೈಯುತ್ತಾಳೆ, ಎಂದು ಬನಶ್ರೀ ಕಾದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಪೇಪರ್ ಓದಕ್ಕೆ ಬಂದಿದ್ದೀರಾ ಮೇಡಂ?"

"ಹೂಂ."

"ಅದೇ ಎಣ್ಣೇದಾ?"

"ಹೂಂ."

"ಚೆನ್ನಾಗಿ ಓದಿ," ಎಂದು ಶ್ರೀಲತಾ ಬ್ಯಾಗು ಎತ್ತಿಕೊಂಡಳು. ಅದರಲ್ಲಿ ಕುಹಕವಿದೆಯೇ ಎಂದು ಬನಶ್ರೀ ಆಮೇಲೆ ಎಷ್ಟು ಹುಡುಕಿದರೂ ಸಿಗಲಿಲ್ಲ.

ಸಭಾಂಗಣದಲ್ಲಿ ಫ್ಯಾನುಗಳು ಬಿಸಿಗಾಳಿಯನ್ನೇ ತಿರುವಿ ಹಾಕುತ್ತಿದ್ದವು. ಪ್ರಬಂಧ ಓದುವವರಿಗೆ ಒಂದು ಬಣ್ಣದ ಬ್ಯಾಡ್ಜು, ಕೇಳುವವರಿಗೆ ಇನ್ನೊಂದು. ಬಾಗಿಲಲ್ಲಿದ್ದ ಹುಡುಗಿ ಬನಶ್ರೀಯ ಸಾದಾ ಸೀರೆ ನೋಡಿ ಕೇಳುವವರ ಬ್ಯಾಡ್ಜನ್ನೇ ಕೊಟ್ಟಳು. ಬದಲಿಸಿ ಎನ್ನಲು ಇವಳಿಗೆ ನಾಚಿಕೆಯಾಯಿತು. ಅಧ್ಯಕ್ಷತೆ ಮಲ್ಲಿಕಾರ್ಜುನಪ್ಪನವರದು, ನಿವೃತ್ತ ಪ್ರೊಫೆಸರ್, ತಲೆ ಬಗ್ಗಿಸಿ ನಿದ್ದೆ ಮಾಡುತ್ತಲೇ ಎಲ್ಲವನ್ನೂ ಕೇಳಿಸಿಕೊಳ್ಳುವವರು. ಅವಳು ಓದಿದಳು. ಪರದೆಯ ಮೇಲೆ ಬೆಟ್ಟಗಳ ಸಾಲು ಬಂತು, ಗಾಜಿನ ತಟ್ಟೆ ಬಂತು, ಬಿಲ್ಲೆಯ ಸುತ್ತಲಿನ ಬಯಲು ಗೋಡೆಯಷ್ಟು ದೊಡ್ಡದಾಗಿ ಬಂತು. ಅಷ್ಟು ದೊಡ್ಡದಾಗಿ ಅದನ್ನು ಅವಳು ನೋಡಿರಲಿಲ್ಲ. ಇಂಗ್ಲಿಷ್ ವಾಕ್ಯಗಳು ತಾವಾಗಿ ಹೊರಡುತ್ತಿದ್ದವು. ಈ ಹೊತ್ತಿಗೆ ಅವರಿಬ್ಬರೂ ಕುಂದುರ್ಪಿಯಲ್ಲಿ ಇಳಿದಿರುತ್ತಾರೆ. ಶ್ರೀಲತಾಳ ತಾಯಿ ಬೀರಕ್ಕ ಬೀಗಿತ್ತಿಯ ಕಾಲಿಗೆ ನೀರು ಕೊಟ್ಟಿರುತ್ತಾಳೆ. ಮಗಳ ಬ್ಯಾಗಿನ ಗಾತ್ರ ನೋಡಿ ಏನನ್ನೂ ಕೇಳದೆ ಒಳಗೆ ಹೋಗಿ ಅಕ್ಕಿ ತೊಳೆಯಲು ಕೂತಿರುತ್ತಾಳೆ.

ಮುಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದರು. ರೇಷ್ಮೆ ಸಾಕಣೆಯ ಕೆಲಸದಲ್ಲೇ ಇದ್ದು ನಿವೃತ್ತರಾದವರಂತೆ. ತೆಲುಗಿನಲ್ಲಿ ಕೇಳಿದರು: ಬ್ಯಾಕ್ಟೀರಿಯಾ ಸಾಯುವುದು ಸರಿ, ಹುಳುವಿನ ಗತಿ ಏನಮ್ಮ? ಇಷ್ಟು ಘಾಟಿನ ಎಣ್ಣೆಯನ್ನು ಬದುಕಿರುವ ಹುಳುವಿಗೆ ಹಾಕಿ ನೋಡಿದ್ದೀರಾ?

ಇನ್ನೂ ಇಲ್ಲ ಎನ್ನಬೇಕಿತ್ತು. ಜಯಚಂದ್ರ ಕಲಿಸಿಕೊಟ್ಟ ಉತ್ತರ ಅದು, ಇಂಗ್ಲಿಷಿನಲ್ಲಿ, ವಿನಯವಾಗಿ. ಬನಶ್ರೀ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿದಳು. ಪರದೆಯ ಮೇಲೆ ಬಯಲು ಹಾಗೇ ಇತ್ತು. "ನೋಡಿದ್ದೇನೆ," ಎಂದಳು. "ಎಲ್ಲ ಸತ್ತವು. ಒಂದು ಮನೆಯ ಇಡೀ ಬೆಳೆ. ಒಂದೆರಡು ತಟ್ಟೆಯಲ್ಲೇ ಗೊತ್ತಾಗಿತ್ತು, ನನಗೆ ಹೇಳಿದ್ದರು, ನಾನೇ ಬಿಡಬೇಡಿ ಎಂದೆ. ಅದು ನನ್ನ ತಪ್ಪು."

ಅವಳು ಕಾದಳು, ಯಾರಾದರೂ ಎದ್ದು ನಾಚಿಕೆಯಾಗಬೇಕು ನಿನಗೆ ಎನ್ನುತ್ತಾರೆಂದು. ಮಲ್ಲಿಕಾರ್ಜುನಪ್ಪನವರು ತಲೆಯೆತ್ತಿದರು. ಮೈಕು ಹತ್ತಿರ ಎಳೆದುಕೊಂಡು, ಇಡೀ ದಿನದಲ್ಲಿ ಇದೊಂದು ಪ್ರಾಮಾಣಿಕ ಮಾತು ಕೇಳಿದೆ ಎಂದರು. ಸೋತ ಪ್ರಯೋಗವೂ ಪ್ರಯೋಗವೇ ಎಂದರು. "ಅಮ್ಮಾ, ನಿಮ್ಮ ಕೈಯಲ್ಲಿ ಒಂದಲ್ಲ, ಎರಡು ಪೇಪರ್ ಇದೆ. ಕೀಟ ಸಾಯಿಸುವ ಎಣ್ಣೆ ಅಂತ ಇನ್ನೊಂದು ಬರೆಯಿರಿ. ನಾನು ನೋಡಿಕೊಡ್ತೀನಿ." ಚಪ್ಪಾಳೆ ಬಂತು. ಪ್ರಶ್ನೆ ಕೇಳಿದ ಹೆಂಗಸು ಚಪ್ಪಾಳೆ ತಟ್ಟದೆ ಕೂತಿದ್ದರು. ಇವಳು ವೇದಿಕೆಯಿಂದ ಇಳಿದಾಗ ಹತ್ತಿರ ಬಂದು, ಆ ಮನೆಯವರು ಈಗ ಹೇಗಿದ್ದಾರಮ್ಮ ಎಂದು ಕೇಳಿದರು. ಇದ್ದಾರೆ, ಎಂದಳು ಬನಶ್ರೀ. ಪ್ರಮಾಣಪತ್ರಕ್ಕೆ ಸಹಿ ಹಾಕಿಸಲು ಯಾರೋ ಕರೆದದ್ದಕ್ಕೆ ಅವಳಿಗೆ ಬದುಕಿದೆಯಾ ಬಡಜೀವವೇ ಎನಿಸಿತು.

ಜಯಚಂದ್ರರ ಫೋನು ಊಟದ ಹೊತ್ತಿಗೇ ಬಂತು. ಕೂಗಾಡುತ್ತಾರೆ ಎಂದುಕೊಂಡಿದ್ದಳು. "ಮಲ್ಲಿಕಾರ್ಜುನಪ್ಪ ಸಾರ್ ಮಾತಾಡಿದ್ರು. ನಾನು ಬೇಡ ಅಂದಿದ್ದೆ, ನಿಮ್ದೇ ಸರಿ ಆಯ್ತು ಬಿಡಿ," ಎಂದರು. "ಆ ಹುಡುಗಿ ಹತ್ರ ವಿವರ ತಗೊಳ್ಳಿ. ಯಾವ ತಟ್ಟೇಲಿ ಎಷ್ಟು ಹುಳ, ಯಾವಾಗ ಸತ್ತವು. ನೆನಪಿರುತ್ತೆ ಅವಳಿಗೆ, ಬುದ್ಧಿವಂತೆ ಅಲ್ವಾ?"

ಸಂಜೆ ಹಿಂದೂಪುರದ ಬಸ್ಸಿಗೆ ಬಂದಾಗ ಆದಿಲಕ್ಷ್ಮಮ್ಮ ಆಗಲೇ ಕೂತಿದ್ದಳು, ಪಕ್ಕದ ಸೀಟಿನ ಮೇಲೆ ಕಡಲೇಕಾಯಿಯ ಗಂಟು ಇಟ್ಟು ಜಾಗ ಹಿಡಿದುಕೊಂಡು. "ಬತ್ತೀರಿ ಅಂತ ಗೊತ್ತಿತ್ತು ಕಣಮ್ಮ," ಎಂದು ಗಂಟನ್ನು ತೊಡೆಯ ಮೇಲೆ ತೆಗೆದುಕೊಂಡಳು. ಬೆಳಗಿನ ದನಿ ಅವಳಲ್ಲಿ ಉಳಿದಿರಲಿಲ್ಲ. ಬಸ್ಸು ಊರು ದಾಟಿದ ಮೇಲೆ ತನ್ನಷ್ಟಕ್ಕೆ ಹೇಳಿದಳು: "ಬೀಗಿತ್ತಿ ಒಂದ್ ಮಾತ್ ಅನ್ಲಿಲ್ಲ. ಬೈದಿದ್ರೆ ನಾನೂ ಬೈತಿದ್ದೆ. ಊಟಕ್ಕಿಕ್ಕಿ, ಬರೋವಾಗ ಈ ಕಡ್ಲೇಕಾಯಿ ಕಟ್ಟಿ ಕೊಟ್ಲು. ನನ್ ಕೈ ಹಿಡ್ಕೊಂಡು, ಯಾವಾಗ್ ಬತ್ತೀರಮ್ಮ ಕರ್ಕೊಂಡ್ ಹೋಗಕ್ಕೆ ಅಂದ್ಲು. ಬತ್ತೀವಿ ಅಂದೆ. ಇನ್ನೇನ್ ಅನ್ಲಿ?"

"ಅಮ್ಮ, ಕೇಳಿ ಇಲ್ಲಿ," ಎಂದಳು ಬನಶ್ರೀ. ಸಭೆಯಲ್ಲಿ ಒಮ್ಮೆ ಹೇಳಿದ ಮೇಲೆ ಅದು ಬಾಯಿಗೆ ಅಭ್ಯಾಸವಾಗಿತ್ತು. "ಹುಳು ಸತ್ತದ್ದು ನನ್ನ ಎಣ್ಣೆಯಿಂದ. ಶ್ರೀಲತಾದು ಏನೂ ತಪ್ಪಿಲ್ಲ. ಮುಟ್ಟಿಗೂ ಅದಕ್ಕೂ ಸಂಬಂಧವೇ ಇಲ್ಲ. ಅವಳು ಫೋನ್ ಮಾಡಿ ಹುಳು ತಿಂತಿಲ್ಲ ಅಂದ್ಲು, ನಾನೇ ಎಲ್ಲಕ್ಕೂ ಹಾಕು ಅಂದೆ." ಮೊಬೈಲು ತೆಗೆದು ಫೋಟೋ ತೋರಿಸಿದಳು. ಖಾಲಿ ಜಾಗದ ಮೇಲೆ ಬೆರಳು ಆಡಿಸಿ ತೋರಿಸಿದಳು.

ಆದಿಲಕ್ಷ್ಮಮ್ಮ ಫೋಟೋವನ್ನು ನೋಡಲೇ ಇಲ್ಲ. ಬನಶ್ರೀಯ ಮುಖವನ್ನೇ ನೋಡುತ್ತ ಕಣ್ಣು ತುಂಬಿಕೊಂಡಳು. ಕಡಲೇಕಾಯಿಯ ದೂಳು ಹತ್ತಿದ ಕೈಯಿಂದ ಇವಳ ಕೈ ಹಿಡಿದುಕೊಂಡಳು. "ಎಂಥ ಮನಸು ಕಣಮ್ಮ ನಿಂದು. ಅವಳಿಗೋಸ್ಕರ ನಿನ್ ತಲೆ ಮೇಲ್ ಹಾಕ್ಕೊಂತಿದೀಯಾ?"

"ಅಲ್ಲಮ್ಮ, ದೇವರಾಣೆ, ನಿಜ."

"ನಿಜ ಆಗಿದ್ರೆ ಬೆಳಗ್ಗೇನೇ ಅಂತಿದ್ರಿ. ಅಷ್ಟು ದೂರ ಒಂದೇ ಸೀಟಲ್ಲಿ ಬಂದ್ವಿ. ಅವಳು ಎದುರ್ಗೇ ಕೂತಿದ್ಲು." ಆದಿಲಕ್ಷ್ಮಮ್ಮ ಮೂಗು ಒರೆಸಿಕೊಂಡಳು. "ಈಗ ಅವಳ ಮುಖ ನೆನಸ್ಕೊಂಡು ನಿಮ್ಗೆ ಹೊಟ್ಟೆ ಉರೀತದೆ. ನಂಗೂ ಉರೀತದೆ. ಅದ್ಕೇ ಹಿಂಗ್ ಹೇಳ್ತೀರಿ. ನಾನು ಓದ್ದೋಳಲ್ಲ, ಮನುಷ್ಯರು ಗೊತ್ತಾಗ್ತಾರೆ ನಂಗೆ."

ಬನಶ್ರೀ ಮತ್ತೆ ಮೊದಲಿನಿಂದ ಹೇಳಿದಳು. ವಾಸನೆಯನ್ನು ಹೇಳಿದಳು, ಊದುಬತ್ತಿಯನ್ನು, ಹೂವನ್ನು ನೆನಪಿಸಿದಳು. ಹೇಳಿದಷ್ಟೂ ಆದಿಲಕ್ಷ್ಮಮ್ಮನ ಕಣ್ಣಿನಲ್ಲಿ ತಾನು ದೊಡ್ಡವಳಾಗುತ್ತಿರುವುದು ಕಾಣುತ್ತಿತ್ತು. ಕೊನೆಗೆ ಆ ಹೆಂಗಸು, ವ್ಯಾಪಾರ ಮುಗಿಸುವವಳಂತೆ, ಅಂಗೈ ಚಾಚಿದಳು. "ಆಯ್ತು. ಮುಂದಿನ ಬೆಳೆಗೆ ನಿಮ್ ಔಷಧಿ ಇನ್ನೊಂದ್ ಸೀಸೆ ಕೊಡಿ. ನಾನೇ ತಲೆಗೆ ನೀರಾಕ್ಕೊಂಡು ಮಡೀಲಿ ಹೊಡೀತೀನಿ. ಹುಳ ಬದುಕಿದ್ರೆ ತಪ್ಪು ಅವಳ್ದು. ಸತ್ರೆ ನಿಮ್ ಮಾತೇ ನಿಜ. ಆಗ ನಾನೇ ಕುಂದುರ್ಪಿಗೆ ಹೋಗಿ, ಬೀಗಿತ್ತಿ ಕಾಲ್ ಹಿಡ್ದು ಕರ್ಕೊಂಡ್ ಬತ್ತೀನಿ."

"ಒಂದೇ ತಟ್ಟೆಗೆ ಹಾಕಿ ನೋಡಿದರೆ ಸಾಕಮ್ಮ. ಎಲ್ಲಕ್ಕೂ ಬೇಡ."

"ಒಂದ್ ತಟ್ಟೆಗೇ ಆಗ್ಲಿ. ಕೊಡಿ."

ಸೀಸೆ ಕೈಚೀಲದಲ್ಲೇ ಇತ್ತು. ಬನಶ್ರೀ ಕರ್ಚೀಫಿನ ಗಂಟನ್ನು ಚೀಲದೊಳಗೇ ಬೆರಳಿನಿಂದ ಸಡಿಲಿಸಿದಳು. ಹುಳು ಸಾಯುತ್ತವೆ, ಅದರಲ್ಲಿ ಅನುಮಾನವಿಲ್ಲ; ತನ್ನ ಜೀವನದಲ್ಲಿ ಖಚಿತವಾಗಿ ಗೊತ್ತಿರುವುದು ಅದೊಂದೇ. ಒಂದು ತಟ್ಟೆ ಹುಳು ಸತ್ತರೆ ಒಬ್ಬಳು ಮನೆಗೆ ಬರುತ್ತಾಳೆ. ಕಾರಣವೂ ಇತ್ತು, ಕರುಣೆಯೂ ಇತ್ತು, ಜಯಚಂದ್ರರಿಗೆ ಬೇಕಾದ ವಿವರವೂ ಅದರಿಂದಲೇ ಸಿಗುತ್ತಿತ್ತು. ಆ ಕೊನೆಯದು ಹೊಳೆದೊಡನೆ ಅವಳ ಕೈ ನಿಂತಿತು. ಅಷ್ಟರಲ್ಲಿ ಪಾವಗಡ ಬಂತು. ಆದಿಲಕ್ಷ್ಮಮ್ಮ ಟೀ ಕುಡಿಯಲು ಇಳಿದಳು. ಬನಶ್ರೀ ಶ್ರೀಲತಾಗೆ ಫೋನು ಮಾಡಿದಳು.

"ನಿಮ್ಮತ್ತೆಗೆ ಎಲ್ಲ ಹೇಳಿದೆ ಲತಾ. ನಂಬಲಿಲ್ಲ. ಒಂದು ತಟ್ಟೆಗೆ ಎಣ್ಣೆ ಹಾಕಿ ನೋಡ್ತಾರಂತೆ. ಹುಳು ಸತ್ತರೆ ನಿನ್ನ ಕರ್ಕೊಂಡು ಬರ್ತಾರೆ. ಕೊಡ್ಲಾ?"

ಆ ಕಡೆ ಕುರಿಗಳ ಸದ್ದು, ಯಾರೋ ಪಾತ್ರೆ ಇಡುವ ಸದ್ದು. "ಬ್ಯಾಡ ಮೇಡಂ," ಎಂದಳು ಶ್ರೀಲತಾ.

"ಒಂದೇ ತಟ್ಟೆ ಕಣೇ."

"ನೀವು ನೋಡಿಲ್ಲ ಮೇಡಂ. ತಲೆ ಎತ್ತಿ ಹುಡುಕ್ತಾವೆ, ಯಾರಾದ್ರೂ ಸೊಪ್ಪು ಬದಲಾಯಿಸ್ತಾರೇನೋ ಅಂತ. ಮತ್ತೆ ಅದನ್ನ ಮಾಡಿ ನನ್ನ ಕರ್ಕೊಂಡ್ ಬರೋದ್ ಬ್ಯಾಡ." ಅಮ್ಮನಿಗೆ ಬಂದೆ ಎಂದು ಕೂಗಿ ಹೇಳಿ ಮತ್ತೆ ಫೋನಿಗೆ ಬಂದಳು. "ಬೆಳಗ್ಗೆ ಹೇಳಿದ್ರೆ ನಂಬ್ತಿದ್ರು. ನಾನು ಎದುರ್ಗಿದ್ದೆ. ನೀವು ಒಂದ್ ಮಾತು ಶುರು ಮಾಡಿದ್ರೆ ಮಿಕ್ಕಿದ್ದು ನಾನು ಹೇಳ್ತಿದ್ದೆ. ಆಮೇಲೆ ನಾನೊಬ್ಳೇ ಹೇಳಿದ್ರೆ ತಪ್ಪಿಸ್ಕೊಳಕ್ಕೆ ಹೇಳ್ತಾಳೆ ಅಂತಾರೆ. ನೀವೊಬ್ರೇ ಹೇಳಿದ್ರೆ ಒಳ್ಳೇತನಕ್ಕೆ ಹೇಳ್ತಾರೆ ಅಂತಾರೆ."

ಪೇಪರ್ ಹೇಗಾಯಿತು ಎಂದು ಅವಳು ಕೇಳಿದಳು. ಚೆನ್ನಾಗಾಯಿತು, ಎಂದಳು ಬನಶ್ರೀ.

ಆದಿಲಕ್ಷ್ಮಮ್ಮ ಹತ್ತಿ ಬಂದು ಕೂತಾಗ ಬನಶ್ರೀ ಎಣ್ಣೆ ಕೊಡುವುದಿಲ್ಲ ಎಂದಳು. ಈಗಲೂ ಇಲ್ಲ, ಮುಂದಿನ ಬೆಳೆಗೂ ಇಲ್ಲ, ಬೇರೆಯವರಿಗೂ ಇಲ್ಲ. ಅದು ಔಷಧಿಯಲ್ಲ ಎಂದಳು. ಆದಿಲಕ್ಷ್ಮಮ್ಮ ಕತ್ತಲಾಗುತ್ತಿದ್ದ ಹೊಲಗಳ ಕಡೆ ತಿರುಗಿದಳು. "ಕೋಪ ಮಾಡ್ಕೊಂಡ್ರಿ," ಎಂದಳು. "ಮಾಡ್ಕೊಳ್ದೆ ಇನ್ನೇನ್ ಮಾಡ್ತೀರಿ. ಒಂದ್ ಸಲ ಕೊಟ್ಟಿದ್ದನ್ನ ನಮ್ ಮನೇಲಿ ಹಾಳ್ ಮಾಡ್ಬುಟ್ವಿ." ಪರಿಗಿಯಲ್ಲಿ ಇಳಿಯುವಾಗ ಎರಡು ಹಿಡಿ ಕಡಲೇಕಾಯಿಯನ್ನು ಬನಶ್ರೀಯ ಮಡಿಲಿಗೆ ಹಾಕಿದಳು. ಕೆಳಗೆ ತಿರುಮಲೇಶ್ ನಿಂತಿದ್ದ. ತಾಯಿಯ ಹಿಂದೆ ಯಾರಾದರೂ ಇಳಿಯುತ್ತಾರೇನೋ ಎಂದು ಬಾಗಿಲನ್ನೇ ನೋಡುತ್ತಿದ್ದ, ಬಸ್ಸು ಹೊರಟಿತು.

ಎಣ್ಣೆ ಸೀಸೆಯಲ್ಲಿ ಹಾಗೇ ಉಳಿಯಿತು. ಒಂದಿದ್ದ ಪ್ರಬಂಧ ಎರಡಾಯಿತು. ಪರಿಗಿಯ ಆ ಹಳ್ಳಿಯಲ್ಲಿ ಬನಶ್ರೀಗೆ ಒಳ್ಳೆಯವಳೆಂದು ಹೆಸರು ಬಂತು. ಶ್ರೀಲತಾ ಕುಂದುರ್ಪಿಯಲ್ಲಿ ಉಳಿದಳು.